ತಂಬಾಕಿನ ಚೀಟಿ ಸಿಕ್ಕಿತು, ಮಗನ ಹತ್ತಿರ ಹೇಗೆ ಮಾತಾಡಲಿ?

*ದಾವಣಗೆರೆಯವರು ನಾವು. ಮಗ ಫಸ್ಟ್ ಪಿಯುಸಿ. ರಾತ್ರಿ ಮೂರರವರೆಗೂ ಫೋನಿನಲ್ಲಿ ಗೇಮ್. ಮೊನ್ನೆ ಪ್ಯಾಂಟ್ ಒಗೆಯುವಾಗ ಜೇಬಿನಲ್ಲಿ ತಂಬಾಕಿನ ಚೀಟಿ ಸಿಕ್ಕಿತು. ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿದ್ದೇನೆ. ಯಜಮಾನರಿಗೆ ಹೇಳಿದರೆ ಹೊಡೆದು ಫೋನ್ ಒಡೆದುಹಾಕುತ್ತಾರೆ. ಅವರೂ ತಂಬಾಕು ಹಾಕುವವರೇ. ಏನು ಮಾಡಲಿ?*

ಅಕ್ಕಾ, ಮೊದಲು ಆ ಚೀಟಿ ಎಸೆಯಿರಿ. ಸಾಕ್ಷಿ ಥರ ಇಟ್ಟುಕೊಂಡು ಏನು ಮಾಡ್ತೀರಿ?

ಫೋನ್ ಬೇರೆ, ತಂಬಾಕು ಬೇರೆ ಅಂತ ನೋಡುತ್ತಿದ್ದೀರಿ. ಎರಡಕ್ಕೂ ಗಂಟು ಬಿದ್ದಿರಬಹುದು. ತಂಬಾಕಿನ ನಿಕೋಟಿನ್ ನಿದ್ದೆ ಓಡಿಸುತ್ತದೆ. ಆಟಕ್ಕೆ ಎಚ್ಚರ ಬೇಕು, ಎಚ್ಚರಕ್ಕೆ ಚೀಟಿ. ಬೆಳಗ್ಗೆ ಕ್ಲಾಸಿನಲ್ಲಿ ತೂಕಡಿಕೆ, ಅದಕ್ಕೂ ಚೀಟಿ. ಹಾಗಾಗಿ ನಿದ್ದೆಯಿಂದಲೇ ಶುರು ಮಾಡಿ. ರಾತ್ರಿ ಹತ್ತೂವರೆಗೆ ಮನೆಯವರೆಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ. ನೀವು ಸೀರಿಯಲ್ ನೋಡುವ ಫೋನೂ ಸೇರಿ!

ಎದುರು ಕೂರಿಸಿ ವಿಚಾರಣೆ ಮಾಡಿದರೆ ಹುಡುಗರು ಬಾಯಿ ಬಿಡುವುದಿಲ್ಲ. ಸಂಜೆ ಕುಂದವಾಡ ಕೆರೆ ಕಡೆ ಅಡ್ಡಾಡಲು ಕರೆದುಕೊಂಡು ಹೋಗಿ. ಬರುವಾಗ ಮಿರ್ಚಿ ಮಂಡಕ್ಕಿ ಕೊಡಿಸಿ. ಪಕ್ಕಪಕ್ಕ ನಡೆಯುವಾಗ ಮುಖ ನೋಡುವ ಮುಜುಗರ ಇರಲ್ಲ. "ಜೇಬಿನಾಗೆ ಚೀಟಿ ಸಿಕ್ತಪ್ಪಾ. ಯಾವಾಗಿಂದ?" ಇಷ್ಟು ಕೇಳಿ ಸುಮ್ನಾಗಿ. ಅವನು ಮಾತಾಡುವವರೆಗೆ ನೀವು ಮಾತಾಡಬೇಡಿ, ಇದೇ ಕಷ್ಟದ ಕೆಲಸ. ಗಾಂಜಾ, ಮೂಸುವ ಪಂಕ್ಚರ್ ಸಲ್ಯೂಷನ್, ನಶೆಯ ಮಾತ್ರೆ ಏನಾದರೂ ಇದೆಯಾ ಅಂತ ಆಮೇಲೆ ಮೆಲ್ಲಗೆ ಕೇಳಿ.

ಯಜಮಾನರಿಂದ ಮುಚ್ಚಿಡಬೇಡಿ. ಆದರೆ "ಅಪ್ಪನಿಗೆ ಹೇಳ್ತೀನಿ, ಹೊಡೆಯೋಕೆ ಬಿಡಲ್ಲ" ಅಂತ ಮಗನಿಗೆ ಮೊದಲೇ ತಿಳಿಸಿ. ಅಪ್ಪ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಬೈದರೆ ಯಾವ ಮಗ ಕೇಳ್ತಾನೆ? ಇಬ್ಬರೂ ಒಟ್ಟಿಗೆ ಬಿಡಲಿ. ಮೊದಲ ಮೂರು-ನಾಲ್ಕು ದಿನ ಇಬ್ಬರೂ ಸಿಡಿಸಿಡಿ ಅನ್ನುತ್ತಾರೆ, ನಿಮಗೇ ಜಾಸ್ತಿ ಕಷ್ಟ. ಕೆಲವು ವಾರಗಳಲ್ಲಿ ತಗ್ಗುತ್ತದೆ.

ಫೋನ್ ಕೊಡದಿದ್ದರೆ ಸಾಮಾನು ಎಸೆಯುವುದು, ಕಾಲೇಜು ತಪ್ಪಿಸುವುದು ಕಂಡರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ನೋಡಬಹುದು. ಹುಚ್ಚಿನ ಡಾಕ್ಟರ್ ಅಂತ ಹಿಂಜರಿಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥ ಫೋನ್ ಗೀಳಿಗೆ ಪ್ರತ್ಯೇಕ ಕ್ಲಿನಿಕ್ ಇದೆ.

ಚೀಟಿ ಕೊಟ್ಟ ಅಂಗಡಿಯವನ ಮೇಲೆ ಸಿಟ್ಟು ಬರುವುದು ಸಹಜ. ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ಕಾನೂನೇ ಇದೆ, ದೂರು ಕೊಡಬಹುದು. ಆದರೆ ಈ ವಾರ ಬೇಡ. ಮೊದಲು ಕೆರೆ ಕಡೆ ಹೋಗಿ ಬನ್ನಿ.