ಓದುವ ಮಕ್ಕಳು ಊರೊಳಗಿರಲಿ

ತುಮಕೂರಿನ ಎಸ್.ಎಸ್. ಪುರಂನಿಂದ ಬರೆದ ಓದುಗರಿಗೆ,

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತುಮಕೂರು ವಿಶ್ವವಿದ್ಯಾನಿಲಯ ಊರೊಳಗಿನ ಬಿ.ಎಚ್. ರಸ್ತೆಯ ಆವರಣದಿಂದ ಊರಾಚೆಯ ಬಿದರಕಟ್ಟೆಯ ಹೊಸ ಕ್ಯಾಂಪಸ್ಸಿಗೆ ಹೋಗುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಬೇಸರದಿಂದ ಬರೆದದ್ದು ನಿಮಗೆ ಹಿಡಿಸಿಲ್ಲ. ‘ಹೋಗಲಿ ಬಿಡಿ ಸಾರ್. ಬಿ.ಎಚ್. ರಸ್ತೆಯ ಗಲಾಟೆ ತಗ್ಗುತ್ತದೆ, ಪೇಯಿಂಗ್ ಗೆಸ್ಟ್ ಮನೆಗಳು ಮುಚ್ಚುತ್ತವೆ, ನಮ್ಮ ಹಳೇ ತುಮಕೂರು ನಮಗೆ ವಾಪಸ್ ಸಿಗುತ್ತದೆ’ ಎಂದಿದ್ದೀರಿ. ನಿಮ್ಮ ಮಹಡಿಯ ರೂಮು ಖಾಲಿಯಾಗಿದೆ, ಇನ್ನು ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ ಎಂದೂ ಬರೆದಿದ್ದೀರಿ.

ಆ ಹಳೇ ತುಮಕೂರು ನನಗೂ ಬೇಕು. ಆದರೆ ಅದನ್ನು ಕಟ್ಟಿದವರಲ್ಲಿ ಟ್ರಂಕು ಹೊತ್ತು ಬಂದ ಹಳ್ಳಿ ಹುಡುಗರೂ ಇದ್ದರಲ್ಲವೇ? ವಿಶ್ವವಿದ್ಯಾನಿಲಯ ಆದದ್ದು 2004ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಇದು ಓದುವವರ ಊರಾಗಿತ್ತು. ಸಿದ್ಧಗಂಗೆಯ ದಾಸೋಹ, 1963ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು, ಒಂದೊಂದು ಸಮುದಾಯದವರು ಕೂಡಿಸಿದ ದುಡ್ಡಿನಲ್ಲಿ ಎದ್ದ ಹಾಸ್ಟೆಲುಗಳು. ಹಾಸ್ಟೆಲ್ ಸಿಗದವರು ಇಬ್ಬರು ಮೂವರು ಸೇರಿ ರೂಮು ಮಾಡುತ್ತಿದ್ದರು. ಬೆಳಗಿನ ಬಸ್ಸಿಗೆ ಊರಿಂದ ಊಟದ ಕ್ಯಾರಿಯರ್ ಬರುತ್ತಿತ್ತು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು ಹುಡುಕಿಕೊಂಡು ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದುದು ನಿಮಗೂ ನೆನಪಿರಬೇಕು.

ನಮ್ಮ ಹಿತ್ತಲ ರೂಮಿನಲ್ಲಿ ಪಾವಗಡದ ಕಡೆಯ ಹುಡುಗನೊಬ್ಬ ಎರಡು ವರ್ಷ ಇದ್ದ. ಊರಿಗೆ ಹೋದಾಗಲೆಲ್ಲ ಕಡಲೆಕಾಯಿ ತರುತ್ತಿದ್ದ. ನಮ್ಮಮ್ಮ ಅವನಿಂದ ನಾಲ್ಕು ಮಾತು ತೆಲುಗು ಕಲಿತರು. ಕನ್ನಡ ಎಂ.ಎ. ಓದುತ್ತಿದ್ದವನು, ಸಂಜೆ ಜಗಲಿಯಲ್ಲಿ ಕೂತು ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿದರೆ ಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ನಮ್ಮಮ್ಮ ಕರ್ಣನ ಕತೆಗೆ ಕಣ್ಣೊರೆಸಿಕೊಂಡದ್ದು ಆ ಹುಡುಗನಿಂದ. ಯಾವ ಕಾಂಪೌಂಡಿನೊಳಗೂ ಇದು ನಡೆಯುವುದಿಲ್ಲ.

ಹೊಸ ಕ್ಯಾಂಪಸ್ಸೇ ಬೇಡ ಎನ್ನುವವನಲ್ಲ ನಾನು. ಪ್ರಯೋಗಾಲಯ, ಗ್ರಂಥಾಲಯ, ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಬಿ.ಎಚ್. ರಸ್ತೆಯ ಆವರಣ ಸಾಲದು, ನಿಜ. ಮೈಸೂರಿನಲ್ಲೂ 1960ರ ಹೊತ್ತಿಗೆ ಹೀಗೇ ಆಗಿ ಅಲ್ಲಿನ ವಿಶ್ವವಿದ್ಯಾನಿಲಯದ ಹೊಸ ಕ್ಯಾಂಪಸ್ ಮಾನಸಗಂಗೋತ್ರಿ ಬಂತು. ಆದರೆ ಅದು ಎದ್ದದ್ದು ಕುಕ್ಕರಹಳ್ಳಿ ಕೆರೆಯ ಪಕ್ಕ. ಸರಸ್ವತಿಪುರಂನಿಂದ ನಡೆದೇ ಹೋಗಬಹುದು, ಊರಿನವರೂ ಮೇಷ್ಟರುಗಳೂ ಅದೇ ಕೆರೆ ಏರಿಯ ಮೇಲೆ ವಾಕ್ ಮಾಡುತ್ತಾರೆ. 1987ರಲ್ಲಿ ಆದ ಕುವೆಂಪು ವಿಶ್ವವಿದ್ಯಾನಿಲಯ ಶಂಕರಘಟ್ಟದಲ್ಲಿದೆ. ಜಾಗ ಬಲು ಚೆಂದ, ಕಾಡಿನ ಅಂಚು. ಆದರೆ ಶಿವಮೊಗ್ಗದಿಂದ ಹೋಗಿಬರುವವರು ಬಸ್ಸಿನ ಹೊತ್ತಿಗೆ ಸರಿಯಾಗಿ ಎದ್ದು ಹೊರಡಬೇಕು. ಸಂಜೆಯ ನಾಟಕಕ್ಕೆ, ಭಾಷಣಕ್ಕೆ ಊರಿನವರು ಅಲ್ಲಿಗೆ ಹೋಗುವುದೂ ಕಷ್ಟ. ಬಿದರಕಟ್ಟೆ ಈ ಎರಡರಲ್ಲಿ ಯಾವ ದಾರಿ ಹಿಡಿಯುತ್ತದೆ ಎಂಬುದೇ ನನ್ನ ಚಿಂತೆ.

ಇನ್ನು ಗಲಾಟೆ. ಬಿ.ಎಚ್. ರಸ್ತೆಯಲ್ಲಿ ಒಂದು ದಿನ ನಿಂತು ನೋಡಿ. ಅಲ್ಲಿ ತುಂಬಿರುವುದು ನಮ್ಮ ನಿಮ್ಮ ಕಾರು, ಬೈಕುಗಳೇ. ಮಕ್ಕಳು ನಡೆದು ಹೋಗುತ್ತಾರೆ.

ಬಿದರಕಟ್ಟೆಯ ಸುತ್ತಿನ ಹಳ್ಳಿಗಳನ್ನೂ ಮರೆಯಬಾರದು. ಕ್ಯಾಂಪಸ್ ಬರುತ್ತದೆ ಎಂದರೆ ಸಾಕು, ರಾಗಿ ಹೊಲದಲ್ಲಿ ಸೈಟಿನ ಕಲ್ಲು ನೆಡುತ್ತಾರೆ. ಹೊಲ ಮಾರಿದ ದುಡ್ಡು ಎಷ್ಟು ದಿನ ಬಾಳುತ್ತದೆ ಎಂದು ಬೆಂಗಳೂರಿನ ಅಂಚಿನ ಹಳ್ಳಿಯವರನ್ನು ಕೇಳಿ. ಸಾವಿರಾರು ಜನರ ಹಾಸ್ಟೆಲ್ಲಿಗೆ ಬೋರ್‌ವೆಲ್ ನೀರನ್ನೇ ನಂಬಿದರೆ ಪಕ್ಕದ ತೆಂಗಿನ ತೋಟದ ಗತಿಯೇನು? ಚಾವಣಿಯ ಮಳೆನೀರು ಹಿಡಿದು ಕಟ್ಟಡ ಕಟ್ಟಲಿ, ಹಳ್ಳಿಯ ಕೆರೆಗೆ ನೀರು ಬರುವ ಕಾಲುವೆಯನ್ನು ಮುಚ್ಚದಿರಲಿ.

ನಾವು ಪಟ್ಟು ಹಿಡಿದು ಕೇಳಬೇಕಾದ್ದು ಇಷ್ಟು. ರಾತ್ರಿ ಒಂಬತ್ತರವರೆಗೆ ಊರಿಗೂ ಕ್ಯಾಂಪಸ್ಸಿಗೂ ಬಸ್ಸು ಬೇಕು. ಹಳೇ ಆವರಣದಲ್ಲಿ ಊರಿನವರೂ ಕೂತು ಓದುವಂಥ ಗ್ರಂಥಾಲಯ ಉಳಿಯಬೇಕು. ವಾರಕ್ಕೊಂದು ಸಂಜೆಯಾದರೂ ಅಲ್ಲಿ ಉಪನ್ಯಾಸವೋ ನಾಟಕವೋ ನಡೆಯಬೇಕು. ನೀವು ಬಂದರೆ ಮನವಿ ಕೊಡಲು ಜೊತೆಯಲ್ಲೇ ಹೋಗೋಣ.

ಆಮೇಲೆ ನಿಮ್ಮ ಮಹಡಿಯ ರೂಮು. ದಯವಿಟ್ಟು ಅದಕ್ಕೆ ಬೀಗ ಹಾಕಬೇಡಿ. ಈ ವರ್ಷ ಶಿರಾದಿಂದಲೋ ಮಧುಗಿರಿಯಿಂದಲೋ ಬರುವ ಇಬ್ಬರು ಹೆಣ್ಣುಮಕ್ಕಳಿಗೆ ಕೊಡಿ. ಹೇಗಿತ್ತೆಂದು ಮುಂದಿನ ಯುಗಾದಿ ಹೊತ್ತಿಗೆ ನನಗೆ ಬರೆಯಿರಿ.

– ಸಂಪಾದಕ