ಸಿಡಿದ ನಕ್ಷತ್ರದ ಜೊತೆಗಾರ ಯಾರು?

ಬಿಳಿ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ದಟ್ಟ ನಕ್ಷತ್ರ, ಸಿಡಿದು ಚೂರಾದ ಮೇಲೆ ಅದರ ಪೂರ್ವಾಪರ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಹಳೆಯ ಫೋಟೋ ತೆಗೆದು ನೋಡುತ್ತಾರೆ!

2011ರ ಆಗಸ್ಟ್ 24ರಂದು, ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ ಎಂ101 ಗ್ಯಾಲಕ್ಸಿಯಲ್ಲಿ ಎಸ್‌ಎನ್ 2011ಎಫ್‌ಇ ಎಂಬ ಸೂಪರ್‌ನೋವಾ, ಅಂದರೆ ಇಂಥ ನಕ್ಷತ್ರಸ್ಫೋಟ, ಕಾಣಿಸಿತು. ಅದೇ ಜಾಗದ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳು ಮೊದಲೇ ಇದ್ದವು. ಬಿಳಿ ಕುಬ್ಜ ಹೀಗೆ ಸಿಡಿಯುವುದು ಜೊತೆಗಾರ ನಕ್ಷತ್ರದಿಂದ ವಸ್ತು ಎಳೆದುಕೊಂಡು, ಇಲ್ಲವೇ ಅದರೊಡನೆ ಸೇರಿಕೊಂಡು. ಆ ಜೊತೆಗಾರ ದೊಡ್ಡ ಕೆಂಪು ದೈತ್ಯ, ಅಂದರೆ ಉಬ್ಬಿ ತುಂಬ ಹೊಳೆಯುವ ಮುದಿ ನಕ್ಷತ್ರ, ಆಗಿದ್ದರೆ ಅವುಗಳಲ್ಲಿ ಕಾಣಬೇಕಿತ್ತು, ಅಲ್ವಾ? ಏನೂ ಇರಲಿಲ್ಲ. ಹಾಗಾಗಿ ಜೊತೆಗಿದ್ದದ್ದು ಸಣ್ಣ ನಕ್ಷತ್ರ, ಇಲ್ಲವೇ ಇನ್ನೊಂದು ಬಿಳಿ ಕುಬ್ಜ.

ನನಗೆ ಜಾಸ್ತಿ ಇಷ್ಟವಾದದ್ದು ಮೊದಲ ಗಂಟೆಗಳ ಬೆಳಕಿನ ಕಥೆ. ಸಿಡಿಯುವ ನಕ್ಷತ್ರ ದೊಡ್ಡದಿದ್ದಷ್ಟೂ ಶುರುವಿನ ಹೊಳಪು ಹೆಚ್ಚು. ಇಲ್ಲಿ ಅದು ತೀರಾ ಮಂಕು. ಸಿಡಿದದ್ದು ಅಗಲದಲ್ಲಿ ಸೂರ್ಯನ 50ರಲ್ಲಿ ಒಂದು ಪಾಲಿಗಿಂತ ಚಿಕ್ಕದು ಎಂದು ಲೆಕ್ಕ ಸಿಕ್ಕಿತು. ಬೆಳಕಿನಲ್ಲಿ ಇಂಗಾಲ, ಆಮ್ಲಜನಕದ ಗುರುತೂ ಇತ್ತು. ಬಿಳಿ ಕುಬ್ಜದ ಒಡಲಲ್ಲಿ ಇರುವುದು ಅವೇ.