ಆನೆಗೊಂದಿ ಬಂಡೆನೂ ಹಿಮ ತಂದು ಹಾಕಿದ್ದೇನು?

ಪ್ರಶ್ನೆ: ಬ್ಯಾಸಿಗಿ ರಜಾಕ್ಕ ಮನಾಲಿಗೆ ಹೋಗಿದ್ವಿ ಸರ್, ಅಟಲ್ ಟನೆಲ್ ದಾಟಿ ಸಿಸ್ಸು ತನಕ. ಟ್ಯಾಕ್ಸಿ ಡ್ರೈವರ್ ಆ ಕಣಿವಿ ತೋರಿಸಿ, ಇದನ್ನ ಕೊರದದ್ದು ನದಿ ಅಲ್ಲ ಹಿಮ, ಇಲ್ಲಿ ಬಿದ್ದಿರೋ ದೊಡ್ಡ ಕಲ್ಲೂ ಹಿಮಾನೇ ತಂದಿದ್ದು ಅಂದ. ಹಂಗಾದ್ರ ನಮ್ಮ ಆನೆಗೊಂದಿ, ಅಂಜನಾದ್ರಿ ಸುತ್ತಲಿನ ಬಂಡೆನೂ ಹಂಗ ಬಂದವೇನು? (ಗಂಗಾವತಿಯ ಓದುಗರು)

ಉತ್ತರ: ಡ್ರೈವರ್ ಹೇಳಿದ್ದು ಖರೆ ಐತ್ರಿ, ಆದ್ರ ಅದು ನಮ್ಮ ಬಂಡೆಗಳಿಗೆ ಹೊಂದಂಗಿಲ್ಲ.

ನೀವು ನೋಡಿದ ಚಂದ್ರಾ ಕಣಿವಿ ಒಂದು ಕಾಲಕ್ಕ ಹಿಮನದಿ ಕೆಳಗ ಹೂತು ಹೋಗಿತ್ತು, ಸುಮಾರು 12-15 ಸಾವಿರ ವರ್ಷದ ಹಿಂದ ಸೈತ ಹಿಮ ಈಗಿನಕಿಂತ ಭಾಳ ಕೆಳಗ ಇಳಿದಿತ್ತು. ಈಗ ಉಳಿದಿದ್ದು ಬಡಾ ಶಿಗ್ರಿ, ಛೋಟಾ ಶಿಗ್ರಿ ಅಂಥ ಹಿಮನದಿಗಳು. ಬಡಾ ಶಿಗ್ರಿ ಅಂದ್ರೂ ಸಣ್ಣದಲ್ಲ, ಹತ್ರ ಹತ್ರ 28 ಕಿಲೋಮೀಟರ್ ಉದ್ದ. ಹಿಮ ದಪ್ಪ ಆದಂಗೆಲ್ಲ ತನ್ನ ಭಾರಕ್ಕ ತಾನ ಕೆಳಗ ಜಾರಾಕ ಶುರು ಮಾಡತೈತಿ, ಜಾರೂ ಮುಂದ ತಳದಾಗಿನ ನೀರು ಕಲ್ಲಿನ ಬಿರುಕಿಗೆ ಇಳಿದು ಮತ್ತ ಹೆಪ್ಪುಗಟ್ಟಿ ಕಲ್ಲನ್ನ ಕಿತ್ತು ಎಳಕೊಂಡು ಹೋಗತೈತಿ, ಆ ಕಿತ್ತ ಕಲ್ಲೆಲ್ಲ ಹಿಮದ ತಳಕ್ಕ ಸಿಕ್ಕೊಂಡು ಕೆಳಗಿನ ಬಂಡೆನ ಬಡಿಗ್ಯಾರು ಪಾಲಿಶ್ ಪೇಪರ್ ಹಿಡದು ತಿಕ್ಕಿದಂಗ ತಿಕ್ಕತಾವ. ಸಾವಿರಾರು ವರ್ಷ ಇದ ಕೆಲಸ.

ನದಿ ತನ್ನ ತಳ ಅಷ್ಟ ಕೊರಿತೈತಿ, ಅದಕ್ಕ ಕಣಿವಿ ಕೆಳಗ ಇಕ್ಕಟ್ಟು, ವಿ ಆಕಾರ. ನೀವು ಮಂಡಿ ದಾಟಿ ಔಟ್ ಅನ್ನೋ ಊರಿನ ಕಡೆ ಹೋಗುವಾಗ ನೋಡಿರ್ತೀರಿ, ಗುಡ್ಡ ಮೈಮ್ಯಾಲ ಬಂದಂಗ ಇರ್ತಾವ. ಹಿಮ ಹಂಗಲ್ಲ, ಕಣಿವಿ ತುಂಬ ತುಂಬಿಕೊಂಡು ಹೋಗೋದ್ರಿಂದ ಎರಡೂ ಮಗ್ಗಲ ಕೆರಕೊಂಡು ಹೋಗತೈತಿ, ತಳ ಅಗಲ, ಗೋಡೆ ನೆಟ್ಟಗ, ಯು ಆಕಾರ. ಅಡ್ಡ ಬಂದು ಕೂಡೋ ಸಣ್ಣ ಹಿಮನದಿಗೆ ಅಷ್ಟು ಆಳ ಕೊರಿಯೋ ತಾಕತ್ತು ಇರಂಗಿಲ್ಲ, ಹಿಂಗಾಗಿ ಹಿಮ ಕರಗಿದ ಮ್ಯಾಲ ಅವುಗಳ ಕಣಿವಿ ಎತ್ತರದಾಗ ತೂಗ್ಯಾಡಿದಂಗ ಉಳಿತಾವ, ಅಲ್ಲಿಂದ ನೀರು ಧುಮುಕತೈತಿ. ಶಿಖರದ ಬುಡಾನ ಮೂರ್ನಾಲ್ಕು ಕಡೆಯಿಂದ ಹಿಮ ತಿಂದ್ರ ಚೂಪು ಪಿರಮಿಡ್ಡು: ಗಂಗೋತ್ರಿ ಮ್ಯಾಲಿನ ಶಿವಲಿಂಗ ಶಿಖರ, 6,543 ಮೀಟರ್, ಅದ ಜಾತಿದು, ಸ್ವಿಸ್ ಗಡಿಯ ಮ್ಯಾಟರ್‌ಹಾರ್ನ್ ಕೂಡ. ಗಂಗೋತ್ರಿ ಹಿಮನದಿ ಈಗ ಗೋಮುಖಕ್ಕ ಮುಗಿತೈತಿ, ಹಿಂದಕ್ಕ ಅಲ್ಲಿಂದ ಸುಮಾರು 40 ಕಿಲೋಮೀಟರ್ ಕೆಳಗ ಝಾಲಾ ತನಕ ಇತ್ತು.

ಹಿಮ ಕರಗಿದಲ್ಲಿ ಬಿಟ್ಟು ಹೋಗೋ ಕಲ್ಲು-ಮಣ್ಣಿನ ದಿಬ್ಬಕ್ಕ ಮೊರೇನ್ ಅಂತಾರ. 2013ರಾಗ ಕೇದಾರನಾಥದ ಮ್ಯಾಲ ಚೋರಾಬಾರಿ ಕೆರಿ ಒಡದು ಅನಾಹುತ ಆತಲ್ಲ, ಅದರ ಒಡ್ಡು ಇಂಥಾ ದಿಬ್ಬಾನ. ಮೊರೇನ್‌ದಾಗ ಎಲ್ಲಾ ಬೆರಕಿ, ಹುಡಿ ಮಣ್ಣಿನಿಂದ ಹಿಡದು ಮನಿಯಷ್ಟು ದೊಡ್ಡ ಕಲ್ಲಿನ ತನಕ, ಮತ್ತ ಆ ಕಲ್ಲು ಅಲ್ಲಿನ ನೆಲದ್ದು ಅಲ್ಲ, ಪರವೂರಿಂದು.

ಇನ್ನ ಆನೆಗೊಂದಿಗೆ ಬರೂಣು. ಅಲ್ಲಿ ಮ್ಯಾಲಿನ ಬಂಡೆನೂ ಗ್ರಾನೈಟು, ಕೆಳಗಿನ ಹಾಸುಗಲ್ಲೂ ಅದ ಗ್ರಾನೈಟು, ಸುಮಾರು 250 ಕೋಟಿ ವರ್ಷದ್ದು. ಎಲ್ಲಿಂದಲೂ ಬಂದಿಲ್ಲ, ನಿಂತಲ್ಲೇ ಹುಟ್ಟಿದ್ದು. ಗ್ರಾನೈಟಿನಾಗ ಉದ್ದಕ್ಕ ಅಡ್ಡಕ್ಕ ಬಿರುಕು ಇರ್ತಾವ, ಅದರೊಳಗ ನೀರು ಇಳಿದು ಕಲ್ಲನ್ನ ನಿಧಾನಕ್ಕ ಗರಸು ಮಾಡತೈತಿ, ಮೂಲಿಗೆ ಮೂರು ಕಡೆಯಿಂದ ಪೆಟ್ಟು ಬೀಳೋದ್ರಿಂದ ಮೂಲಿ ಮೊದಲ ಸವೆದು ಕಲ್ಲು ಗುಂಡಗ ಆಗತೈತಿ. ಇದೆಲ್ಲ ನೆಲದೊಳಗ ನಡಿಯೋ ಕಥಿ. ಆಮ್ಯಾಲ ಮಳಿಗೆ ಗರಸು ಕೊಚ್ಚಿ ಹೋಗಿ ಬರೇ ಗುಂಡು ಒಂದರ ಮ್ಯಾಲೊಂದು ಉಳಕೊಂಡ್ವು. ವಾಲಿ-ಸುಗ್ರೀವರು ಜಗಳದಾಗ ಎಸೆದಾಡಿದ ಕಲ್ಲು ಅಂತ ಮಂದಿ ಹೇಳೋದೂ ಸುಮ್ನಲ್ಲ, ನೋಡಿದ್ರ ಹಂಗ ಅನಸತೈತಿ. ಕೆಲವದರ ಮ್ಯಾಲ ಸಾಲಾಗಿ ತೂತು ಕಾಣತಾವ, ಅವು ವಿಜಯನಗರ ಕಾಲದ ಕಲ್ಲುಕುಟಿಗರು ಸೀಳಾಕ ಹೊಡದದ್ದು, ಅದನ್ನೂ ಹಿಮದ ತಲಿಗೆ ಕಟ್ಟಬ್ಯಾಡ್ರಿ.

ಪ್ರಶ್ನೆ: ಹಂಗಾದ್ರ ನಮ್ಮ ದಕ್ಷಿಣದ ಕಡೆ ಯಾವತ್ತೂ ಹಿಮ ಇರಲೇ ಇಲ್ಲೇನು? (ಸಿಂಧನೂರಿನ ವಿದ್ಯಾರ್ಥಿನಿ)

ಉತ್ತರ: ಇತ್ತವ್ವಾ. ಸುಮಾರು 30 ಕೋಟಿ ವರ್ಷದ ಹಿಂದ ನಮ್ಮ ನೆಲ ಗೊಂಡ್ವಾನಾ ಅನ್ನೋ ಖಂಡದಾಗ ಸೇರಿ ದಕ್ಷಿಣ ಧ್ರುವದ ಕಡೆ ಇತ್ತು, ಆಗ ಹಿಮಾಲಯ ಅನ್ನೋದೇ ಇರಲಿಲ್ಲ. ಆ ಹಿಮ ಬಿಟ್ಟು ಹೋದ ಬೆರಕಿ ಕಲ್ಲಿನ ಪದರು ಒಡಿಶಾದ ತಾಲ್ಚೇರ್‌ದಾಗ ಐತಿ, 1856ರಾಗನ ಭೂವಿಜ್ಞಾನಿಗಳು ಇದು ಹಿಮದ ಕೆಲಸ ಅಂತ ಗುರುತು ಹಿಡದಿದ್ರು. ಮಹಾರಾಷ್ಟ್ರದ ಚಂದ್ರಪುರ ಕಡೆ ಇರಾಯಿ ಅಂತ ಊರು ಐತಿ, ಅಲ್ಲಿ ಹಾಸುಗಲ್ಲಿನ ಮ್ಯಾಲ ಹಿಮ ಎಳಕೊಂಡು ಹೋದ ಗೀರು ಒಂದೇ ದಿಕ್ಕಿಗೆ ಸಾಲಾಗಿ ಬಿದ್ದಾವ, ಮನಾಲಿ ಟಿಕೆಟ್ಟಿಗಿಂತ ಅದು ಸಿಂಧನೂರಿಗೆ ಭಾಳ ಹತ್ರ.